ಏಣಿ ಬಾವಿಯಲ್ಲಿದೆ

ಜೂನ್ 3, ಬೆಳಿಗ್ಗೆ

ಡೇರಿಗೆ ಹಾಲು ಹಾಕಿ ಬಂದೆ. ಕೊಟ್ಟಿಗೆ ಬಾಚಿದೆ. ನಾಲ್ಕನೇ ಪಾಠ ಮುಗಿಯಿತು. ಕರೆಂಟು ಹೋದ ಕೂಡಲೇ ಎಲ್ಲ ಮರೆಯುವ ಮೆಮೊರಿ ಒಂದು, ಹೋದರೂ ಉಳಿಸಿಕೊಳ್ಳುವ ಮೆಮೊರಿ ಇನ್ನೊಂದು. ಈ ಮನೆಯ ಗಂಡಸರಿಗೆ ಮೊದಲನೆಯದನ್ನು ಕೂರಿಸಿದ್ದಾರೆ.

ಅತ್ತಿಗೆಯ ಎಡಗಣ್ಣು ಇವತ್ತು ಅರ್ಧ ತೆರೆಯಿತು. ಮೊನ್ನೆ ಚಾರ್ಜರ್ ವೈರು ಮಡಿಸಿ ಹೊಡೆದದ್ದು. ದಯಾನಂದ. ಅವನನ್ನು ಅಣ್ಣ ಎಂದು ಬರೆಯುವುದು ನಿಲ್ಲಿಸಿದ್ದೇನೆ — ಬಾಯಲ್ಲಿ ಬರುತ್ತದೆ, ಕೈಯಲ್ಲಿ ಬರಬಾರದು. ಕಾರಣ, ಸಾರಿನಲ್ಲಿ ಉಪ್ಪು ಜಾಸ್ತಿ. ಅದರ ಹಿಂದಿನ ಸಲದ ಕಾರಣ, ಉಪ್ಪು ಕಮ್ಮಿ.

ಅವಳ ಫೋನನ್ನು ಒರಳುಕಲ್ಲಿನ ಮೇಲಿಟ್ಟು ಜಜ್ಜಿ ತಿಂಗಳಾಯಿತು. ಯಾವನ ಜೊತೆ ಮಾತಾಡುತ್ತಿದ್ದೆ ಅಂತ. ಮಾತಾಡುತ್ತಿದ್ದದ್ದು ಎರಡನೇ ಪಾಠದ ಮೇಷ್ಟರು. ಅದೂ ರೆಕಾರ್ಡ್ ಮಾಡಿಟ್ಟ ಮೇಷ್ಟರು.

ಈಗ ಇಬ್ಬರೂ ನನ್ನ ಫೋನಿನಲ್ಲೇ ಓದುತ್ತೇವೆ. ಐಟಿ ಬೇಸಿಕ್ಸ್, ಆನ್‌ಲೈನ್ ಸರ್ಟಿಫಿಕೇಟ್. ನನ್ನ ಹೆಸರಿನಲ್ಲಿ ಒಂದು ಖಾತೆ, ಚೈತ್ರ ಅಂತ ಅವಳ ಹೆಸರಿನಲ್ಲಿ ಒಂದು. ನನ್ನ ಪಾಠಗಳೆಲ್ಲ ಮುಗಿದಿವೆ, ಈಗ ಅವಳ ಜೊತೆ ಎರಡನೇ ಸಲ.

ಜೂನ್ 5

ತಿಪಟೂರು ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಹೆಂಗಸರ ಹಕ್ಕಿನ ಹೊಸ ಪುಸ್ತಿಕೆ ಸಿಕ್ಕಿತು. ತೆಳ್ಳಗಿದೆ. ಕಾಲೇಜಿನಿಂದ ಬರುವ ಬಸ್ಸು ಬಿಳಿಗೆರೆ ಮುಟ್ಟುವಷ್ಟರಲ್ಲಿ ಮುಗಿಸಿದೆ. ಒಂದು ಸಾಲಿಗೆ ಗೆರೆ ಎಳೆದಿದ್ದೇನೆ: ಪೆಟ್ಟು ತಿಂದು ಸುಮ್ಮನಿರುವವಳು ಮುಂದಿನ ಪೆಟ್ಟಿಗೆ ಸಹಿ ಹಾಕುತ್ತಾಳೆ.

ಅತ್ತಿಗೆಗೆ ಓದಿ ಹೇಳಿದೆ. ಹುರುಳಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಇದನ್ನ ಬರದೋರಿಗೆ ಯಾರು ಹೊಡೀತಿದ್ರಂತೆ?"

ಸಿಟ್ಟು ಬಂತು — ಅವಳ ಮೇಲೆ. ಸಿಟ್ಟು ಬಂದದ್ದಕ್ಕೆ ನನ್ನ ಮೇಲೂ.

ಅವಳು ಓಡಿಹೋಗಿಲ್ಲ ಅಂತಲ್ಲ. ದಬ್ಬೇಘಟ್ಟದ ತವರಿಗೆ ಎರಡು ಸಲ ಹೋಗಿದ್ದಳು. ಎರಡು ಸಲವೂ ಅವಳ ಅಪ್ಪನೇ ಬಸ್ ಹತ್ತಿಸಿಕೊಂಡು ವಾಪಸು ತಂದುಬಿಟ್ಟರು. ಜೊತೆಗೆ ನಮ್ಮ ಮನೆಗೆ ಒಂದು ಗೊನೆ ಬಾಳೆಹಣ್ಣು. ಮಗಳನ್ನು ಒಳಕ್ಕೆ ಬಿಟ್ಟು, ಹಣ್ಣನ್ನು ನಡುಮನೆಯಲ್ಲಿಟ್ಟು, ಕಾಫಿ ಕುಡಿದು ಹೋದರು. ದಯಾನಂದ ಆ ಹಣ್ಣು ತಿನ್ನುತ್ತಲೇ ಹೊಡೆದ.

ಹಾಗಾಗಿ ತವರು ಮುಗಿಯಿತು. ಉಳಿದದ್ದು ತುರುವೇಕೆರೆ. ಅಲ್ಲಿ ಅವಳ ಪಿಯುಸಿ ಗೆಳತಿ ನಯನ ಕಂಪ್ಯೂಟರ್ ಸೆಂಟರ್ ಇಟ್ಟಿದ್ದಾಳೆ. ಅರ್ಜಿ ತುಂಬುವುದು, ಪಹಣಿ ತೆಗೆಯುವುದು, ಮಕ್ಕಳಿಗೆ ಕ್ಲಾಸು. ಹಿಂದೆ ಒಂದು ರೂಮಿದೆಯಂತೆ. ಸರ್ಟಿಫಿಕೇಟ್ ಒಂದು ತಗೊಂಡು ಬಾ, ಕ್ಲಾಸಿಗೆ ಕೂರಿಸುತ್ತೇನೆ, ರೂಮೂ ಕೊಡುತ್ತೇನೆ ಎಂದಿದ್ದಾಳೆ. ಸರ್ಟಿಫಿಕೇಟ್ ಇಲ್ಲದಿದ್ದರೆ ನಯನಳ ಗಂಡ ಒಪ್ಪುವುದಿಲ್ಲ.

ಒಂದು ಕಾಗದ. ಅದಿದ್ದರೆ ಅತ್ತಿಗೆ ಬದುಕುತ್ತಾಳೆ. ಇಲ್ಲದಿದ್ದರೆ ಈ ಮನೆ ಅವಳನ್ನು ಕೊಲ್ಲುತ್ತದೆ. ಇದು ಉಪಮೆಯಲ್ಲ.

ಜೂನ್ 9

ನನ್ನ ಪರೀಕ್ಷೆ ರದ್ದಾಯಿತು.

ನಿಯಮ ಇಷ್ಟು. ಪರೀಕ್ಷೆ ಮುಗಿಯುವವರೆಗೆ ಕ್ಯಾಮೆರಾ, ಮೈಕ್ ಎರಡೂ ಆನ್ ಇರಬೇಕು. ಎಲ್ಲೋ ಕೂತವರು ನೋಡುತ್ತಿರುತ್ತಾರೆ. ಮುಖ ತೆರೆಯಿಂದ ಆಚೆ ಹೋಗಬಾರದು. ಬೇರೆ ಸದ್ದು ಕೇಳಿದರೆ ವಾರ್ನಿಂಗ್. ಮೂರನೇ ವಾರ್ನಿಂಗಿಗೆ ಔಟ್. ಇನ್ನೊಂದು ಮುಖ ಕಂಡರೆ ವಾರ್ನಿಂಗೂ ಇಲ್ಲ, ಸೀದಾ ಔಟ್.

ಅವ್ವ ಕಾಫಿ ತಂದಳು. ಬರಬೇಡ ಎಂದು ಹೇಳಿಯೇ ಕೂತಿದ್ದೆ. ಲೋಟ ಹಿಡಿದು ನನ್ನ ಹೆಗಲ ಮೇಲಿಂದ ಬಗ್ಗಿ, ಫೋನಿನಲ್ಲಿ ತನ್ನ ಮುಖ ಕಂಡು ಸೆರಗು ಸರಿಮಾಡಿಕೊಂಡಳು. ಅಷ್ಟೇ. ತೆರೆ ಕೆಂಪಾಯಿತು.

"ಆರೋಗ್ತದೆ ಅಂತ ತಂದೆ ಕಣವ್ವ" ಎಂದಳು.

ಲೋಟ ಗೋಡೆಗೆ ಎಸೆದೆ. ಅವ್ವ ಒರೆಸಿದಳು. ಅವಳು ಒರೆಸುವ ರೀತಿ — ಯಾರು ಎಸೆದರೂ ಹಾಗೇ ಒರೆಸುತ್ತಾಳೆ.

ಎರಡು ತಿಂಗಳು ಬಿಟ್ಟು ಮತ್ತೆ ಬರೆಯಬಹುದು. ಅತ್ತಿಗೆಯದಕ್ಕೆ ಹೀಗಾಗಬಾರದು. ಯಾರೂ ಬಾರದ ಜಾಗ ಬೇಕು.

ಜೂನ್ 14, ಮಧ್ಯಾಹ್ನ

ಜಾಗ ಸಿಕ್ಕಿತು. ತಲೆಯ ಮೇಲೇ ಇತ್ತು.

ಕೊಬ್ಬರಿ ಅಟ್ಟ. ಅಡಿಕೆ ಮರ ಸೀಳಿದ ದಬ್ಬೆ ಹಾಸಿದ ಅಟ್ಟದ ಮೇಲೆ ಹೋದ ವರ್ಷದ ಕಾಯಿ ಸಿಪ್ಪೆ ಸಮೇತ ಒಣಗುತ್ತಿದೆ. ಅಪ್ಪನ ಕಟ್ಟಪ್ಪಣೆ: ಕಾಯಿ ಏರಿಸಿದ ಮೇಲೆ ಇಳಿಸುವವರೆಗೆ ಯಾರೂ ಹತ್ತಕೂಡದು. ಅಲುಗಿದರೆ ಒಳಗೆ ಕೊಬ್ಬರಿ ಕೆಡುತ್ತದಂತೆ. ದಿನಾ ಬೆಳಿಗ್ಗೆ ಅಟ್ಟದ ಕೆಳಗೆ ನಿಂತು ಕಿವಿ ಕೊಡುತ್ತಾರೆ. ಬಿದಿರುಗಳುವಿನಿಂದ ದಬ್ಬೆಗೆ ಮೆಲ್ಲಗೆ ತಟ್ಟಿ ಮತ್ತೆ ಕೇಳುತ್ತಾರೆ. ನೀರು ಆರಿತೋ, ಕೊಬ್ಬರಿ ಗಿಟಕು ಚಿಪ್ಪು ಬಿಟ್ಟಿತೋ ಎಲ್ಲ ತಿಳಿಯುತ್ತದೆ.

ಅಪ್ಪನಿಗೆ ಕಾಯಿಯೊಳಗೆ ನೀರು ಆರಿದ್ದು ಕೇಳಿಸುತ್ತದೆ. ಪಕ್ಕದ ಕೋಣೆಯಲ್ಲಿ ಅತ್ತಿಗೆ ಕಿರುಚಿದ್ದು ಕೇಳಿಸುವುದಿಲ್ಲ.

ಅಪ್ಪ ತೋಟಕ್ಕೆ ಹೋದ ಮೇಲೆ ನಾವಿಬ್ಬರೂ ಏಣಿ ಹತ್ತಿದೆವು. ಹೆಂಚಿನ ಸಂದಿಯಿಂದ ಬೆಳಕು. ನೆಟ್‌ವರ್ಕ್ ತುಂಬಾ ಇದೆ. ಕಾಯಿಗಳನ್ನು ಸರಿಸಿ ಒಬ್ಬರು ಕೂರುವಷ್ಟು ಗುಂಡಿ ಮಾಡಿದೆವು. ಐದನೇ ಪಾಠ ಅಲ್ಲೇ ಓದಿದೆವು — ನೆಟ್‌ವರ್ಕ್ ಎಂದರೇನು. ಅತ್ತಿಗೆ ಕಾಯಿಗೆ ಒರಗಿ ನಿದ್ದೆಹೋದಳು. ಮದುವೆಯಾಗಿ ಬಂದ ಮೇಲೆ ಹಗಲು ಮಲಗಿದ್ದು ಇದೇ ಮೊದಲಂತೆ.

ಜೂನ್ 20

ಪುಸ್ತಿಕೆಯಲ್ಲಿ ಬರೆದ ಹಾಗೆ ಮಾಡಿದೆ. "ನಾಲ್ಕು ಗೋಡೆಯ ಹಿಂಸೆಯನ್ನು ನಾಲ್ಕು ಜನರ ಮುಂದೆ ತನ್ನಿ." ತಂದೆ. ಊರಿನ ನ್ಯಾಯ ಮಾಡುವ ಹುಚ್ಚರಂಗಯ್ಯನವರ ಮನೆಗೆ ಹೋಗಿ ಕರೆದೆ. ನಮ್ಮ ಜಗುಲಿ ಮೇಲೆ ಬಂದು ಕೂತರು. ನಾಲ್ಕಲ್ಲ, ಹದಿನಾಲ್ಕು ಜನ ಸೇರಿದರು.

ಅತ್ತಿಗೆಯ ಬೆನ್ನಿನ ಬಾಸುಂಡೆ ತೋರಿಸಲು ಹೇಳಿದೆ. ಅವಳು ಒಪ್ಪಲಿಲ್ಲ. ನಾನೇ ಬಾಯಲ್ಲಿ ಹೇಳಿದೆ, ಒಂದೊಂದನ್ನೂ. ದಯಾನಂದ ನೆಲ ನೋಡುತ್ತಾ ನಿಂತಿದ್ದ. ಜನರೆದುರು ಅವನು ಬಹಳ ಒಳ್ಳೆಯ ಹುಡುಗ. ಕೊಬ್ಬರಿ ಮಂಡಿಯವರಿಗೆಲ್ಲ ಅವನ ಗೂಡ್ಸ್ ಆಟೋನೇ ಬೇಕು.

ಹುಚ್ಚರಂಗಯ್ಯ ಎಲೆಅಡಿಕೆ ಉಗಿದು ಬಂದು ಕೂತು ಹೇಳಿದರು: "ಕಾಯಿ ಕುಕ್ಕದೆ ಸಿಪ್ಪೆ ಬುಡ್ತದೇನವ್ವಾ?"

ಸಿಪ್ಪೆ ಸುಲಿಯುವ ಕಬ್ಬಿಣದ ಗೂಟ ಅಂಗಳದಲ್ಲೇ ನೆಟ್ಟಿತ್ತು.

"ಹಂಗಾರೆ ನಿಮ್ಮ ತಲೆ ತನ್ನಿ ದೊಡ್ಡಪ್ಪ. ಗೂಟ ಇಲ್ಲೇ ಅದೆ."

ಯಾರೋ ನಕ್ಕರು. ಅಪ್ಪ ಎದ್ದು ಬಂದು ನನ್ನ ಕೆನ್ನೆಗೆ ಬಾರಿಸಿದರು. ತೀರ್ಪು — ಮನೆಯ ಮಾತು ಮನೆಯಲ್ಲಿರಲಿ, ಸೊಸೆಯ ಕೈಗೆ ಫೋನು ಕೊಡಬೇಡಿ, ಅದರಿಂದಲೇ ಇದೆಲ್ಲ.

ಎಲ್ಲರೂ ಕಾಫಿ ಕುಡಿದರು. ಕಾಸಿದ್ದು ಅತ್ತಿಗೆ.

ಜುಲೈ 6

ಬರೆಯಲಾಗಲಿಲ್ಲ. ಬರೆದರೆ ಅದು ನಡೆದದ್ದು ನಿಜವಾಗುತ್ತಿತ್ತು.

ಪಂಚಾಯ್ತಿಯ ಮಾರನೆಯ ದಿನ ಅವನು ಅತ್ತಿಗೆಯ ಎಡಗೈಯ ಎರಡು ಬೆರಳು ಹಿಂದಕ್ಕೆ ಮಡಿಸಿ ಮುರಿದ. ನಿಧಾನವಾಗಿ, ಸಂಸಾರದ ಮಾತನ್ನು ಬೀದಿಗೆ ತರಬಾರದು ಎಂದು ಪಾಠ ಹೇಳುತ್ತಾ. ನಾನು ಕಾಲೇಜಿನಲ್ಲಿದ್ದೆ. ಅವ್ವ ಇದ್ದಳು. ಬೆರಳಿಗೆ ಅರಿಸಿನ, ಸುಣ್ಣ, ಮೊಟ್ಟೆ ಕಲಸಿ ಕಟ್ಟಿದ್ದು ಅವಳೇ.

ಅವ್ವನನ್ನು ಕೇಳಿದೆ, ಕಣ್ಣೆದುರು ಮುರೀತಿದ್ರೆ ನೋಡ್ಕೊಂಡು ನಿಂತಿದ್ದೆಯಾ ಅಂತ. ತನ್ನ ಎಡಗೈ ಎತ್ತಿ ಕಿರುಬೆರಳು ತೋರಿಸಿದಳು. ಅದು ಯಾವಾಗಲೂ ಸೊಟ್ಟಗೇ ಇತ್ತು. ಹುಟ್ಟಿನಿಂದ ಹಾಗೆ ಎಂದುಕೊಂಡಿದ್ದೆ.

ಅತ್ತಿಗೆ ಮಾತ್ರ ನಕ್ಕಳು.

"ಬಲಗೈ ಬುಟ್ಟವ್ನೆ ಕಣೇ. ಮುದ್ದೆ ತಿರುವಾಕೆ ಬೇಕಲ್ಲ ಅವ್ನಿಗೆ."

ಪರೀಕ್ಷೆಗೆ ಬಲಗೈ ಸಾಕು. ಇವಳಿಗೆ ನಾನು ಪುಸ್ತಿಕೆ ಓದಿ ಹೇಳುತ್ತಿದ್ದೆನಲ್ಲ. ಪುಸ್ತಿಕೆಗಳೆಲ್ಲವನ್ನೂ ಟ್ರಂಕಿಗೆ ಹಾಕಿದೆ. ಆದರೆ ಸುಡಲಿಲ್ಲ. ಬರೆದದ್ದು ಸುಳ್ಳಲ್ಲ. ನಾನು ಅದನ್ನು ಯಾರ ಮುಂದೆ ತಂದೆನೋ ಅದು ತಪ್ಪು.

ಕೈ ಎತ್ತುವವನ ಕೈಯನ್ನು ಮುರಿಯಬೇಕು. ಇದು ಯಾವ ಪುಸ್ತಿಕೆಯಲ್ಲೂ ಇಲ್ಲ. ನಾನೇ ಬರೆಯುತ್ತಿದ್ದೇನೆ.

ಜುಲೈ 10

ಅತ್ತಿಗೆಯ ಪರೀಕ್ಷೆಗೆ ದಿನ ಹಿಡಿದೆ. ಹದಿನೇಳು, ಬೆಳಿಗ್ಗೆ. ಆವತ್ತು ತಿಪಟೂರಲ್ಲಿ ಕೊಬ್ಬರಿ ಹರಾಜು. ದಯಾನಂದನಿಗೆ ಸಂಜೆಯವರೆಗೆ ಲೋಡಿನ ಮೇಲೆ ಲೋಡು. ಅಪ್ಪ ಕೆಳಗಿನ ತೋಟದಲ್ಲಿ ಕಾಲುವೆ ತೆಗೆಸುತ್ತಾರೆ. ಅವ್ವನಿಗೆ ಈ ಸಲ ಕಾಫಿ ತರಬೇಡ ಎಂದು ಕೈಮುಗಿದು ಹೇಳಿದೆ. ಅಟ್ಟಕ್ಕೆ ಅವಳ ಮಂಡಿ ಹತ್ತುವುದೂ ಇಲ್ಲ.

ಇವತ್ತಿನ ಪಾಠ ಸುರಕ್ಷತೆ. ಪಾಸ್‌ವರ್ಡ್ ಒಂದೇ ಸಾಲದು, ಎರಡನೇ ಬೀಗವೂ ಬೇಕು: ನಿಮ್ಮ ಬಳಿ ಇರುವ ಫೋನಿಗೆ ಆರು ಅಂಕಿ ಬರುತ್ತದೆ, ಅದು ನಿಮಗೆ ಮಾತ್ರ ಗೊತ್ತಿರುತ್ತದೆ. ಅತ್ತಿಗೆ ಬಾಯಿಪಾಠ ಮಾಡಿದಳು.

ಜುಲೈ 17, ಬೆಳಿಗ್ಗೆ

ಕೊಟ್ಟಿಗೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಎಲ್ಲ ಸರಿಯಿತ್ತು. ಅತ್ತಿಗೆ ಅಟ್ಟದಲ್ಲಿ. ನನ್ನ ಫೋನನ್ನು ಎರಡು ಕಾಯಿಗಳ ನಡುವೆ ನಿಲ್ಲಿಸಿ, ಕಾಲ್ ಬರದಂತೆ ಮಾಡಿಕೊಟ್ಟಿದ್ದೆ. ಹೆಸರು, ಪಾಸ್‌ವರ್ಡ್, ಮುಖದ ಫೋಟೋ ಆಯಿತು. ಆಮೇಲೆ ಆಧಾರ್. ಆಧಾರ್ ನಂಬರ್ ಹಾಕಿದ ಕೂಡಲೇ — ಓಟಿಪಿ ಕಳಿಸಲಾಗಿದೆ.

ಯಾರ ಫೋನಿಗೆ?

ಮದುವೆಯಾದ ಮೇಲೆ ಅವಳ ಆಧಾರಿನಲ್ಲಿ ಊರು ಬದಲಾಯಿಸಿ, ಗಂಡನ ಹೆಸರು ಸೇರಿಸಿ, ಫೋನ್ ನಂಬರ್ ಜಾಗಕ್ಕೆ ಅವನದನ್ನೇ ಕೊಟ್ಟಿದ್ದಾರೆ. ಈ ಕಡೆ ಯಾವ ಸೊಸೆಗೂ ಅಷ್ಟೇ. ನನ್ನದಕ್ಕೂ ಅಪ್ಪನ ನಂಬರ್ ಇದೆ. ನನ್ನ ಪರೀಕ್ಷೆಯ ದಿನ ಅಪ್ಪನ ಫೋನು ನನ್ನ ಕೈಯಲ್ಲೇ ಇತ್ತು, ಹಾಗಾಗಿ ಯೋಚಿಸಲೇ ಇಲ್ಲ. ನಿಮ್ಮ ಬಳಿ ಇರುವ ಫೋನು ಎಂದು ಇವಳಿಗೆ ಬಾಯಿಪಾಠ ಮಾಡಿಸಿದವಳು ನಾನು.

ಅವ್ವನ ಕೀಪ್ಯಾಡ್ ಫೋನಿನಿಂದ ಅವನಿಗೆ ಮಾಡಿದೆ. "ಗ್ಯಾಸ್ ಬುಕ್ ಮಾಡ್ತಾ ಇದೀನಿ ಅಣ್ಣ, ಓಟಿಪಿ ಬಂದಿರ್ತದೆ, ಹೇಳು." ಹಿಂದೆ ಮೂಟೆ ಎಸೆಯುವ ಸದ್ದು. ಓದಿ ಹೇಳಿದ. ಅಂಕಿಯ ಮೇಲಿದ್ದ ಇಂಗ್ಲಿಷ್ ನೋಡಲಿಲ್ಲ. ಏಣಿ ಮೇಲೆ ನಿಂತು ಅತ್ತಿಗೆಗೆ ಕೂಗಿದೆ. ಎರಡನೇ ಬೀಗ ತೆರೆಯಿತು. ಪರೀಕ್ಷೆ ಶುರು.

ಈಗ ಅವನೇ ಫೋನ್ ಮಾಡಿದ್ದ. ಇನ್ನೊಂದು ಮೆಸೇಜು ಹೋಗಿದೆ ಅವನಿಗೆ. ಅದು ಕನ್ನಡದಲ್ಲಿ. ಓದಿ ಹೇಳಿದ: "ಪ್ರಿಯ ಚೈತ್ರ, ನಿಮ್ಮ ಪರೀಕ್ಷೆ ಆರಂಭವಾಗಿದೆ. ಶುಭವಾಗಲಿ."

ಆಮೇಲೆ ಒಂದೇ ಮಾತು. "ಬತ್ತಾ ಇವ್ನಿ."

ಪರೀಕ್ಷೆ ಒಂದೂವರೆ ಗಂಟೆ. ತಿಪಟೂರಿನಿಂದ ಇಲ್ಲಿಗೆ ಅಷ್ಟು ಬೇಡ. ಅತ್ತಿಗೆಗೆ ಹೇಳುವಂತಿಲ್ಲ, ನನ್ನ ದನಿಯೂ ಬೇರೆ ದನಿಯೇ. ಏಣಿ ತೆಗೆಯಬೇಕು. ಎಲ್ಲಾದರೂ

ಜುಲೈ 20

ತುಟಿಗೆ ಹೊಲಿಗೆ ಹಾಕಿದ್ದಾರೆ. ಮಾತಾಡಬೇಡ ಎಂದಿದ್ದಾರೆ. ಬರೆಯಬೇಡ ಎಂದಿಲ್ಲ.

ಕಬ್ಬಿಣದ ಏಣಿ, ಒಬ್ಬಳೇ ಎಳೆದೆ. ಹಿತ್ತಿಲ ಬಾಗಿಲಲ್ಲಿ ಸಿಕ್ಕಿಕೊಂಡಿತು. ಅವ್ವ ಒಲೆಯ ಮುಂದಿನಿಂದ ನೋಡಿದಳು, ಏನೂ ಕೇಳಲಿಲ್ಲ, ಎದ್ದು ಬಂದು ಬಾಗಿಲ ಇನ್ನೊಂದು ರೆಕ್ಕೆ ತೆರೆದು ಮತ್ತೆ ಒಲೆಗೆ ಹೋದಳು. ಏಣಿಯನ್ನು ಹಿತ್ತಿಲ ಬಾವಿಗೆ ತಳ್ಳಿದೆ. ಪೂರ್ತಿ ಮುಳುಗಿತು.

ಅವನು ಬಂದ. ಆಟೋ ಬೀದಿಯಲ್ಲೇ ಬಿಟ್ಟು ಬಂದ. ಹೆಂಡತಿ ಇಲ್ಲ, ಏಣಿ ಇಲ್ಲ. ಮೇಲೆ ನೋಡಿದ. ತಿಳಿಯಿತು.

"ಏಣಿ ಎಲ್ಲೇ?"

ಮೆಲ್ಲಗೇ ಕೇಳಿದ. ಇನ್ನೊಮ್ಮೆ ಕೇಳಿದರೆ ಸೂರು ಹಾರುವ ಹಾಗೆ ಕೇಳುತ್ತಾನೆ, ಗೊತ್ತು. ಮೇಲೆ ಮೈಕ್ ಆನ್ ಇದೆ. ಹಿತ್ತಿಲಿಗೆ ಓಡಿದೆ. ಹಿಂದೆಯೇ ಬಂದ. ಅದೇ ನನಗೆ ಬೇಕಾಗಿದ್ದದ್ದು.

ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಡೆ ಸಿಕ್ಕಿತು ಅವನಿಗೆ. ಮುಖವನ್ನು ಕಲ್ಲಿಗೆ ಕುಕ್ಕಿದ. ತುಟಿ ಹಲ್ಲಿಗೆ ಸಿಕ್ಕಿ ಹರಿಯಿತು. ಬಾಯಿ ತುಂಬ ಬಿಸಿ. ಆಮೇಲೆ ಒಣ ಗರಿಯ ಮಟ್ಟೆ ತೆಗೆದುಕೊಂಡ. ಬೆನ್ನು, ತೊಡೆ, ಅಡ್ಡ ಇಟ್ಟ ತೋಳು.

ಸುಮ್ಮನಿರುವುದು ಪಾಪ ಎಂದು ಎಷ್ಟು ಸಲ ಬರೆದಿದ್ದೇನೆ ಇದರಲ್ಲಿ. ವೇಲನ್ನು ಬಾಯಿಗೆ ತುರುಕಿಕೊಂಡು ಸುಮ್ಮನಿದ್ದೆ. ಒಂದು ದನಿ, ಒಂದು ವಾರ್ನಿಂಗ್. ಅಷ್ಟೇ ತಲೆಯಲ್ಲಿತ್ತು.

"ಕೂಗೇ. ಕೂಗು" ಎಂದ. ಹೊಡೆಯುತ್ತಾ, ಉಸಿರು ಕಟ್ಟಿ. ನಾನು ಕೂಗದಿದ್ದದ್ದು ಅವನಿಗೆ ಭಯ ಹುಟ್ಟಿಸಿತು. ಅದನ್ನು ಅವನ ಕಣ್ಣಿನಲ್ಲಿ ಕಂಡೆ. ಆ ಒಂದು ಗಳಿಗೆ ಪೆಟ್ಟು ನೋಯಲಿಲ್ಲ.

ಮಟ್ಟೆ ಮುರಿಯಿತು. ಎಸೆದು ಒಳಗೆ ಹೋದ. ನಾನು ಗೋಡೆ ಹಿಡಿದು ಹಿಂದೆ ಹೋಗುವಷ್ಟರಲ್ಲಿ ಅಟ್ಟದ ಕೆಳಗೆ ಕಾಯಿಸಿಪ್ಪೆ ರಾಶಿ ಹಾಕಿ ಕಡ್ಡಿ ಗೀರಿದ್ದ. ಅಡುಗೆಮನೆಯಿಂದ ಒಣಮೆಣಸಿನಕಾಯಿ ತಂದು ಅದರ ಮೇಲೆ ಸುರಿದ. ದಬ್ಬೆಯ ಸಂದಿಗಳಲ್ಲಿ ಹೊಗೆ ಮೇಲಕ್ಕೆ ನುಗ್ಗಿತು.

"ಕೆಮ್ಮಿ ತಾನೇ ಉದುರ್ತಾಳೆ ಬುಡು" ಎಂದ.

ಮೇಲಿನಿಂದ ಸದ್ದಿಲ್ಲ. ಒಂದು ಕೆಮ್ಮೂ ಇಲ್ಲ. ಸತ್ತಳೆಂದುಕೊಂಡೆ.

ಅವ್ವ ಕಂಬಕ್ಕೆ ಒರಗಿ ಫೋನ್ ಒತ್ತುತ್ತಿದ್ದಳು. ಪೊಲೀಸಿಗೆ ಮಾಡುತ್ತಾಳೆ ಎಂದುಕೊಂಡೆ. ಅಪ್ಪನಿಗೆ ಮಾಡಿದಳು. ಎರಡೇ ಮಾತು: "ರೀ, ನಿಮ್ಮ ಮಗ ಅಟ್ಟಕ್ಕೆ ಹೊಗೆ ಹಾಕವ್ನೆ. ಕೊಬ್ಬರಿ ಕರ್ರಗಾಯ್ತಾ ಅದೆ."

ಸೊಸೆಯ ಹೆಸರಿಲ್ಲ. ನೆಲದ ಮೇಲೆ ರಕ್ತ ಉಗಿಯುತ್ತಿದ್ದ ನನ್ನ ಹೆಸರಿಲ್ಲ. ಫೋನ್ ಸೊಂಟಕ್ಕೆ ಸಿಕ್ಕಿಸಿ ನನ್ನ ಕಡೆ ನೋಡಿದಳು. ಆ ನೋಟ ನನಗೆ ಇವತ್ತಿಗೂ ಪೂರ್ತಿ ತಿಳಿದಿಲ್ಲ. ತಿಳಿದಷ್ಟು ಬರೆಯುತ್ತೇನೆ: ಯಾವ ಮಾತಿಗೆ ಆ ಮನುಷ್ಯ ಓಡಿ ಬರುತ್ತಾನೆ ಎಂದು ಅವಳಿಗೆ ಗೊತ್ತಿತ್ತು.

ಅಪ್ಪ ಓಡಿ ಬಂದರು. ಕೈಯಲ್ಲಿ ಗುದ್ದಲಿ, ಕಾಲ ತುಂಬ ಕೆಸರು. ಬರಿಗಾಲಲ್ಲೇ ಬೆಂಕಿ ತುಳಿದರು. ದೊಡ್ಡ ಕೊಳದಪ್ಪಲೆಯಲ್ಲಿ ತುಂಬಿಟ್ಟ ನೀರು ಸುರಿದರು. ಆಮೇಲೆ ಗುದ್ದಲಿಯ ಹಿಡಿಯಿಂದ ಮಗನ ಬೆನ್ನಿಗೆ ಬಿಟ್ಟರು, ಒಂದು, ಇನ್ನೊಂದು.

"ಹತ್ತು ತಿಂಗಳು ಕಣ್ಲಾ. ಮಕ್ಳನ್ನ ಮಲಗಿಸ್ದಂಗೆ ಮಲಗ್ಸಿವ್ನಿ ಕಣ್ಲಾ."

ಅಳುತ್ತಿದ್ದರು. ಅಪ್ಪ ಅತ್ತದ್ದನ್ನು ನಾನು ನೋಡಿಯೇ ಇರಲಿಲ್ಲ.

ದಯಾನಂದನಿಗೆ ಅದುವರೆಗೆ ಯಾರೂ ಹೊಡೆದಿರಲಿಲ್ಲ. ಒಂದು ಗಳಿಗೆ ಪಿಳಿಪಿಳಿ ನೋಡಿದ. ಆಮೇಲೆ ಗೋಡೆಯ ಮಚ್ಚು ಕಿತ್ತುಕೊಂಡ. ನೀರಿನ ಡ್ರಮ್ ಬೋರಲು ಹಾಕಿ ಹತ್ತಿದ. ಅಟ್ಟದ ಬಾಯಿಗೆ ಒಂದು ಕೈ ಹಾಕಿದ.

ಆಗ ಮೇಲಿನಿಂದ ಅತ್ತಿಗೆಯ ದನಿ. ಹೊಗೆ ಕುಡಿದು ಗೊಗ್ಗರಾಗಿತ್ತು.

"ಅನೂ, ಸಬ್ಮಿಟ್ ಆಯ್ತು ಕಣೇ."

ಮೊದಲನೇ ಕಾಯಿ ಬಿತ್ತು. ಅವನ ಭುಜ, ಕತ್ತಿನ ಪಕ್ಕ. ಒಣ ಕಡ್ಡಿ ಮುರಿದಂಥ ಸದ್ದು. ಮಚ್ಚು ಬಿತ್ತು, ಆಮೇಲೆ ಅವನು. ಎರಡನೇ ಕಾಯಿ ಡ್ರಮ್ಮಿಗೆ. ಮೂರನೇದು ಅವನ ಮೊಣಕಾಲಿಗೆ. ಅತ್ತಿಗೆ ಅಟ್ಟದ ಬಾಯಲ್ಲಿ ಕೂತಿದ್ದಳು, ಎರಡು ಕಾಲೂ ಮುಂದಕ್ಕೆ ಚಾಚಿ. ಕಣ್ಣು ಕೆಂಡದುಂಡೆ. ಗುರಿಯಿಟ್ಟು ಒಂದೊಂದಾಗಿ ಒದೆಯುತ್ತಿದ್ದಳು.

ಅಪ್ಪ ಎರಡೂ ಕೈ ಮೇಲೆತ್ತಿದರು. "ಕಾಯಿ ಮುಟ್ಟಬ್ಯಾಡ ಕಣವ್ವ, ಇನ್ನೊಂದು ತಿಂಗಳದೆ."

"ಪಕ್ಕಕ್ಕೆ ನಿಂತ್ಕಳಿ ಮಾವ" ಎಂದಳು. ಅಷ್ಟು ಮರ್ಯಾದೆಯಿಂದ.

ಅಪ್ಪ ಪಕ್ಕಕ್ಕೆ ನಿಂತರು. ಅವಳು ಅಟ್ಟದ ಬಾಯಿಯ ಬಳಿಯಿದ್ದ ಇಡೀ ರಾಶಿಯನ್ನು ತಳ್ಳಿದಳು.

ಬಿದ್ದ ಕಾಯಿಗಳ ಗುಡ್ಡೆಯ ಮೇಲೆಯೇ ಇಳಿದು ಬಂದಳು. ಒಂದು ಬ್ಯಾಗು ತಗೊಂಡಳು. ಗಂಡನನ್ನು ದಾಟಿ ಹೋಗುವಾಗ ಸೀರೆ ತಾಗದಂತೆ ಎತ್ತಿಕೊಂಡಳು. ಬಸ್ ಸ್ಟಾಪಿನವರೆಗೆ ನಾನೂ ಹೋದೆ, ಬಾಯಿಗೆ ವೇಲು ಒತ್ತಿ ಹಿಡಿದು. ಎರಡು ವಾರ್ನಿಂಗ್ ಬಂದಿತ್ತಂತೆ. ಒಂದು ಬೇರೆ ದನಿಗೆ. ಇನ್ನೊಂದು — "ನಿಮ್ಮ ಮುಖ ಸ್ಪಷ್ಟವಾಗಿ ಕಾಣುತ್ತಿಲ್ಲ, ದಯವಿಟ್ಟು ಬೆಳಕು ಹೆಚ್ಚಿಸಿ."

ಜುಲೈ 26

ಅವನನ್ನು ಮನೆಗೆ ಕರೆತಂದರು. ಭುಜದ ಮೂಳೆ ಎರಡು ತುಂಡು. ಎದೆಗೆ ಕೈ ಸೇರಿಸಿ ಕಟ್ಟು ಹಾಕಿದ್ದಾರೆ. ಆಸ್ಪತ್ರೆಯಲ್ಲಿ ಹೇಳಿದ್ದು, ಕಾಯಿ ಬಿತ್ತು. ನಮ್ಮ ಸೀಮೆಯಲ್ಲಿ ಅದಕ್ಕೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ನನ್ನ ತುಟಿಗೆ — ಬಾವಿಕಟ್ಟೆಯಲ್ಲಿ ಜಾರಿದಳು. ಹೇಳಿದ್ದು ಅವ್ವ. ತುಟಿ ಹೊಲಿಸಿಕೊಂಡು ಮಲಗಿದ್ದ ನಾನು ಸುಮ್ಮನಿದ್ದೆ. ಎರಡನೇ ಸಲ.

ಹುಚ್ಚರಂಗಯ್ಯ ನೋಡಲು ಬಂದಿದ್ದರು. ಗುಡ್ಡೆಯಾಗಿ ಬಿದ್ದ ಕಾಯಿ ನೋಡಿದರು, ಕರಿಹಿಡಿದ ದಬ್ಬೆ ನೋಡಿದರು, ನನ್ನ ಮುಖ ನೋಡಿದರು. ಕಾಫಿ ಬೇಡ ಎಂದು ಎದ್ದುಹೋದರು.

ಅತ್ತಿಗೆ ತುರುವೇಕೆರೆಯಲ್ಲಿದ್ದಾಳೆ. ರೂಮು ಕೊಟ್ಟಿದ್ದಾಳೆ ನಯನ, ಫಲಿತಾಂಶ ಬರುವವರೆಗೆ ಮಾತ್ರ. ನಯನಳ ಗಂಡ ದಿನಾ ಕೇಳುತ್ತಾನಂತೆ, ಬಂತಾ ಅಂತ. ಪಾಸಾಗದಿದ್ದರೆ ಮತ್ತೆ ಬಸ್ಸು. ಮತ್ತೆ ಬಾಳೆಗೊನೆ.

ಆಗಸ್ಟ್ 2, ಮಧ್ಯಾಹ್ನ

ಫಲಿತಾಂಶ ಬಂದಿದೆ ಎಂದು ಅವಳ ಖಾತೆಯಲ್ಲಿ ಬಂತು. ತೆರೆದು ನೋಡಲು ಓಟಿಪಿ. ಮತ್ತೆ ಆರು ಅಂಕಿ, ಮತ್ತೆ ಅವನ ಫೋನಿಗೆ.

ಅವನ ಕೋಣೆಗೆ ಹೋದೆ. ಫೋನು ಎದೆಯ ಮೇಲೆ ಇಟ್ಟುಕೊಂಡು ಮಲಗಿದ್ದ. ಮೆಸೇಜು ನೋಡಿದ್ದ. ಕಾಯುತ್ತಿದ್ದ.

"ಅವಳೇ ಬಂದು ಕೇಳ್ಲಿ" ಎಂದ. "ಇಲ್ಲಿ ಬಂದು, ಕಾಲು ಮುಟ್ಟಿ ಕೇಳ್ಲಿ, ಹೇಳ್ತೀನಿ."

ಮಂಚದ ಪಕ್ಕ ಕೂತೆ. ಅವನ ಭುಜದ ಕಟ್ಟಿನ ಮೇಲೆ ಅಂಗೈ ಇಟ್ಟೆ. ಒತ್ತಲಿಲ್ಲ. ಇಟ್ಟೆ. ಅವನು ಕೈಯನ್ನೇ ನೋಡಿದ.

"ಓದು" ಎಂದೆ.

"ಲೇ, ಅನು."

ಸ್ವಲ್ಪ ಒತ್ತಿದೆ. ಒಳಗೆ ಮೂಳೆಯ ಎರಡು ತುದಿ ಸರಿದದ್ದು ಅಂಗೈಗೆ ತಿಳಿಯಿತು. ಅಪ್ಪನಿಗೆ ಕಾಯಿಯೊಳಗಿನದು ತಿಳಿಯುವ ಹಾಗೆ. ಅವನು ಓದಿದ. ಒಂದೊಂದೇ ಅಂಕಿ, ನಡುವೆ ಉಸಿರು ಹಿಡಿದು. ಆರನೆಯದೂ ಬಂತು. ಬರೆದುಕೊಂಡೆ.

ಪಾಸು. ನೂರಕ್ಕೆ ಎಪ್ಪತ್ತೆಂಟು.

ತುರುವೇಕೆರೆಗೆ ಫೋನ್ ಮಾಡಿದೆ. ಅತ್ತಿಗೆ ಅಂಕವನ್ನು ಇನ್ನೊಮ್ಮೆ ಹೇಳಿಸಿಕೊಂಡಳು. ಹಿಂದೆ ಮಕ್ಕಳ ಗಲಾಟೆ, ಪ್ರಿಂಟರಿನ ಸದ್ದು. ಆಮೇಲೆ ಕೇಳಿದಳು.

"ಓಟಿಪಿ ಹೆಂಗ್ ಸಿಕ್ತು?"

"ಹೇಳ್ದ."

"ತಾನಾಗೇ?"

"ಹೂಂ" ಎಂದೆ.

ಆಗಸ್ಟ್ 5

ಅತ್ತಿಗೆ ಆಧಾರಿನಲ್ಲಿ ನಂಬರ್ ಬದಲಾಯಿಸಿಕೊಂಡಳು. ಅವಳದೇ ಸಿಮ್. ನಯನ ಕ್ಲಾಸಿಗೆ ಕೂರಿಸಿದ್ದಾಳೆ. ಮೊದಲ ದಿನದ ಪಾಠ ಮೆಮೊರಿಯಂತೆ. ನನ್ನ ಪರೀಕ್ಷೆಗೂ ದಿನ ಹಿಡಿ ಎಂದಳು. ಹಿಡಿಯಬೇಕು. ನಾನು ಮೇಲೆ ಕೂತರೆ ಏಣಿ ತೆಗೆಯುವವರು ಯಾರು?

ಅಪ್ಪ ಇವತ್ತು ಮೊದಲ ಸಲ ಮಾತಾಡಿದರು. ಉಳಿದ ಕಾಯಿ ಇಳಿಸಬೇಕು, ಏಣಿ ಎಲ್ಲಿ ಎಂದು. ಬಾವಿಯಲ್ಲಿದೆ ಎಂದೆ. ಹೋಗಿ ಬಗ್ಗಿ ನೋಡಿ ಬಂದರು. ಹೊಸದು ಮಾಡಿಸುತ್ತಾರಂತೆ. ಮಾಡಿಸಲಿ. ಬಾವಿ ಆಳವಿದೆ.

ಟ್ರಂಕಿನಿಂದ ಪುಸ್ತಿಕೆಗಳನ್ನು ತೆಗೆದೆ. ಹೊಡೆಯುವ ಕೈಯ ಬಗ್ಗೆ ಎಲ್ಲದರಲ್ಲೂ ಇದೆ. ಆ ಕೈಗೆ ಒಳಗಿನಿಂದ ಏನನಿಸುತ್ತದೆ ಎಂದು ಯಾವುದರಲ್ಲೂ ಇಲ್ಲ.

ಆಗಸ್ಟ್ 9, ಸಂಜೆ

ಇವತ್ತೂ ಅವನ ಕೋಣೆಗೆ ಹೋದೆ. ನಿನ್ನೆಯೂ ಹೋಗಿದ್ದೆ. ಓಟಿಪಿ ಏನೂ ಇರಲಿಲ್ಲ. ನೀರಿನ ಚೊಂಬು ಇಡುವುದಿತ್ತು ಎಂದು ಬರೆಯಬಹುದು. ಅವ್ವ ಆಗಲೇ ಇಟ್ಟಿದ್ದಳು.

ಬಾಗಿಲು ಕಿರ್ರೆಂದ ಕೂಡಲೇ ಅಣ್ಣ ಮುಖಕ್ಕೆ ಮೊಣಕೈ ಅಡ್ಡ ಹಿಡಿದ. ಅತ್ತಿಗೆ ಹಿಡಿಯುತ್ತಿದ್ದಳಲ್ಲ, ಹಾಗೇ. ಕಣ್ಣು ಮುಚ್ಚಿ, ಗೋಡೆಯ ಕಡೆ ಸರಿದು. ನಾನಿನ್ನೂ ಹೊಸ್ತಿಲಲ್ಲೇ ಇದ್ದೆ. ಏನೂ ಮಾಡಿರಲಿಲ್ಲ. ನನ್ನ ಕೈ ಮಾತ್ರ ಆಗಲೇ ಬಿಸಿಯಾಗಿತ್ತು, ಮತ್ತೆ ನನಗೆ ಅದು ಹಿತವಾಗಿ —